ಉಕ್ಕಿನ ದೋಣಿ, ಹುಟ್ಟಿನ ದೋಣಿ, ಒಂದೇ ನದಿ: ಆಕ್ಸ್‌ಫರ್ಡ್ ಬಳಿಯ ಒಂದು ಪ್ರಕರಣ

ಇಂಗ್ಲೆಂಡಿನ ಕಾಲುವೆಗಳಲ್ಲಿ ವರ್ಷಗಟ್ಟಲೆ ನ್ಯಾರೋಬೋಟ್ (ಕಿರಿದಾದ, ಉದ್ದನೆಯ ಎಂಜಿನ್ ದೋಣಿ) ನಡೆಸಿದವರೂ ಥೇಮ್ಸ್ ನದಿಗೆ ಇಳಿದ ಮೊದಲ ದಿನವೇ ಎಡವುವುದುಂಟು. ಅವರಿಗೆ ದೋಣಿ ನಡೆಸಲು ಬರುವುದಿಲ್ಲ ಎಂದಲ್ಲ. ಕಾಲುವೆಯಲ್ಲಿ ಒಳ್ಳೆಯದು ಎನಿಸಿಕೊಂಡ ಅಭ್ಯಾಸಗಳೇ ನದಿಯಲ್ಲಿ ಅಪಾಯ ತರುತ್ತವೆ, ಅದರಲ್ಲೂ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಕ್ರೀಡೆಯ ತಂಡಗಳು ಓಡಾಡುವ ಕಡೆ. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಯಾರಿಗೂ ಗಾಯವಾಗಲಿಲ್ಲ. ಒಂದು ಹುಟ್ಟು ಮುರಿಯಿತು, ಒಂದು ರಿಗ್ಗರ್ (ಹುಟ್ಟನ್ನು ದೋಣಿಯ ಪಕ್ಕದಲ್ಲಿ ಹಿಡಿದಿಡುವ ಚೌಕಟ್ಟು) ಬಾಗಿತು. ಹಾಗಿದ್ದರೂ ಪ್ರತಿ ಹಂತದಲ್ಲಿ ಏನಾಯಿತು, ಏಕಾಯಿತು ಎಂದು ಬಿಡಿಸಿ ನೋಡಲು ಬರುವಂಥ ಘಟನೆ ಇದು. ದೋಣಿಯ ಹೆಸರು, ಜನರ ಹೆಸರು, ಕ್ಲಬ್ಬು, ವರ್ಷ ಯಾವುದನ್ನೂ ಕೊಟ್ಟಿಲ್ಲ.

ಹಿನ್ನೆಲೆ

ನಡುವಯಸ್ಸು ದಾಟಿದ ದಂಪತಿ. 57 ಅಡಿ, ಅಂದರೆ ಸುಮಾರು 17.4 ಮೀಟರ್ ಉದ್ದದ ನ್ಯಾರೋಬೋಟ್. ಅಗಲ 6 ಅಡಿ 10 ಅಂಗುಲ. 7 ಅಡಿ ಅಗಲದ ಕಾಲುವೆ ಲಾಕ್‌ಗಳಲ್ಲಿ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲ ಕಟ್ಟೆಗಳಲ್ಲಿ) ತೂರುವುದಕ್ಕೆಂದೇ ಇರುವ ಅಳತೆ ಅದು. ತಳದಲ್ಲಿ 10 ಮಿಲಿಮೀಟರ್, ಪಕ್ಕದಲ್ಲಿ 6 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ. ಸಾಮಾನು ಸರಂಜಾಮು ಸೇರಿ ತೂಕ ಸುಮಾರು 17 ಟನ್. ಚುಕ್ಕಾಣಿಯ ಹಿಡಿ ಹಿಂಬದಿಯಲ್ಲಿ, ಅಲ್ಲೇ ನಿಂತು ನಡೆಸಬೇಕು. ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ಗೇರನ್ನು ಹಿಮ್ಮುಖಕ್ಕೆ ಹಾಕಿ ಎಂಜಿನ್ ಜೋರು ಮಾಡುವುದೊಂದೇ ದಾರಿ. ಹಿಮ್ಮುಖದಲ್ಲಿ ಚುಕ್ಕಾಣಿ ಹೆಚ್ಚುಕಡಿಮೆ ಕೆಲಸವನ್ನೇ ಮಾಡುವುದಿಲ್ಲ.

ಅವರು ಆಕ್ಸ್‌ಫರ್ಡ್ ಕಾಲುವೆಯಲ್ಲಿ ದಕ್ಷಿಣಕ್ಕೆ ಬಂದು, ಊರಿನೊಳಗಿನ ಐಸಿಸ್ ಲಾಕ್ ದಾಟಿ, ಶೀಪ್‌ವಾಷ್ ಎಂಬ ಸಣ್ಣ ಕವಲಿನ ಮೂಲಕ ಥೇಮ್ಸ್ ಸೇರಿದರು. 1790ರಲ್ಲಿ ಆಕ್ಸ್‌ಫರ್ಡ್ ಮುಟ್ಟಿದ ಈ ಕಾಲುವೆ ಕಿರಿದು, ಹರಿವು ಇಲ್ಲದ್ದು, ಅಂಚಿನಲ್ಲಿ ಆಳ ಕಡಿಮೆ. ಅಲ್ಲಿ ಎಲ್ಲರೂ ನಡುನೀರಿನಲ್ಲೇ ಹೋಗುತ್ತಾರೆ. ಎದುರು ದೋಣಿ ಬಂದಾಗ ಬಲಕ್ಕೆ ಸರಿದು, ದಾಟಿದ ಮೇಲೆ ಮತ್ತೆ ನಡುವಿಗೆ ಬರುತ್ತಾರೆ. ಕಟ್ಟಿದ ದೋಣಿಗಳ ಪಕ್ಕದಲ್ಲಿ ಎಂಜಿನ್ ಇಳಿಸಿ ತೆವಳುತ್ತಾರೆ. ಈ ಮೂರೂ ಅವರಿಗೆ ಕೈಗೂಡಿದ ಅಭ್ಯಾಸಗಳು. ಮುಂದಿನ ಕಥೆಗೆ ಕಾರಣವೂ ಅವೇ.

ಲಂಡನ್ನಿನ ಟೆಡಿಂಗ್ಟನ್‌ವರೆಗಿನ ಉಬ್ಬರವಿಳಿತವಿಲ್ಲದ ಥೇಮ್ಸ್ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆಯ ಸುಪರ್ದಿಯಲ್ಲಿದೆ. ನದಿಯ ತಳಕ್ಕೆ ಹೋಲಿಸಿ ಗಂಟೆಗೆ 8 ಕಿಲೋಮೀಟರ್ ಅಲ್ಲಿನ ವೇಗಮಿತಿ. ನಡೆಯುವ ದಿಕ್ಕಿಗೆ ಬಲಕ್ಕೆ ಇರುವುದು ನಿಯಮ. ಓಸ್ನಿ ಲಾಕ್ ಇಳಿದ ಮೇಲೆ ಫಾಲಿ ಸೇತುವೆ. ಅಲ್ಲಿಂದ ಇಫ್ಲಿ ಲಾಕ್‌ವರೆಗಿನ ತುಂಡನ್ನು ಆಕ್ಸ್‌ಫರ್ಡಿನವರು ಐಸಿಸ್ ಎನ್ನುತ್ತಾರೆ. ಕೆಳಮುಖವಾಗಿ ಹೋಗುವಾಗ ಎಡಗಡೆ ಕಾಲೇಜುಗಳ ದೋಣಿಮನೆಗಳು, ಬಲಗಡೆ ತರಬೇತುದಾರರು ಸೈಕಲ್ ಮೇಲೆ ಕೂಗುತ್ತಾ ಹೋಗುವ ದಂಡೆಯ ಹಾದಿ. ಮುಂದೆ ಗಟ್ ಎಂದು ಕರೆಯುವ ಇಕ್ಕಟ್ಟಾದ ತಿರುವು, ಆಮೇಲೆ ಡಾನಿಂಗ್ಟನ್ ಸೇತುವೆ.

ಅಕ್ಟೋಬರ್‌ನಲ್ಲಿ ಕಾಲೇಜು ಶುರುವಾಗುತ್ತಲೇ ಹುಟ್ಟನ್ನೇ ಹಿಡಿಯದ ಹುಡುಗ ಹುಡುಗಿಯರು ಇಲ್ಲಿ ಎಂಟು ಜನರ ದೋಣಿ ಹತ್ತುತ್ತಾರೆ. ನವೆಂಬರ್ ಕೊನೆಯ ಹೊತ್ತಿಗೆ ಹೊಸಬರಿಗೆಂದೇ ಪಂದ್ಯವಿರುತ್ತದೆ. ಹಾಗಾಗಿ ನವೆಂಬರ್ ಮೊದಲ ವಾರಗಳಲ್ಲಿ, ಶನಿವಾರ ಬೆಳಿಗ್ಗೆ, ಹೊಸ ರೋಯರ್‌ಗಳೂ ಹೊಸ ಕಾಕ್ಸ್‌ಗಳೂ (ತಂಡಕ್ಕೆ ಆಜ್ಞೆ ಕೊಟ್ಟು ದೋಣಿಯ ದಿಕ್ಕು ನೋಡಿಕೊಳ್ಳುವವರು) ಒಟ್ಟಿಗೆ ನೀರಿಗಿಳಿಯುತ್ತಾರೆ. ನಮ್ಮ ದಂಪತಿ ಬಂದದ್ದು ಅಂಥದೇ ಶನಿವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ.

ಆ ಬೆಳಿಗ್ಗೆ

ಚುಕ್ಕಾಣಿ ಪತ್ನಿಯ ಕೈಯಲ್ಲಿತ್ತು. ಪತಿ ಒಳಗೆ ಒಲೆಗೆ ಇದ್ದಿಲು ಹಾಕುತ್ತಿದ್ದರು. ಚಳಿಗಾಲಕ್ಕೆಂದು ಕೊಂಡ ಇದ್ದಿಲಿನ ಮೂಟೆಗಳನ್ನೂ ಸೌದೆಯನ್ನೂ ಚಾವಣಿಯ ಮುಂಭಾಗದಲ್ಲಿ ಪೇರಿಸಿದ್ದರು. ಪಕ್ಕದಲ್ಲಿ ಒಂದು ಸೈಕಲ್. ಹಿಂದಿನ ವಾರದ ಮಳೆಯ ಹರಿವು ಇನ್ನೂ ಸ್ವಲ್ಪ ಉಳಿದಿತ್ತು. ಲಾಕ್‌ನಲ್ಲಿ ಎಚ್ಚರಿಕೆಯ ಫಲಕ ಇರಲಿಲ್ಲ. ಫಾಲಿ ಸೇತುವೆಯಿಂದ ನದಿ ಆಗ್ನೇಯಕ್ಕೆ ಹರಿಯುತ್ತದೆ. ನವೆಂಬರ್‌ನಲ್ಲಿ ಆ ಹೊತ್ತಿಗೆ ಸೂರ್ಯನೂ ಅದೇ ದಿಕ್ಕಿನಲ್ಲಿ, ತೀರ ಕೆಳಗೆ ಇರುತ್ತಾನೆ. ನೀರೆಲ್ಲ ಕಣ್ಣು ಕೋರೈಸುತ್ತಿತ್ತು.

ದೋಣಿಮನೆಗಳ ಮುಂದೆ ಆಕೆ ಎಂಜಿನ್ ಪೂರ್ತಿ ಇಳಿಸಿದರು. ದೋಣಿ ನಡುನೀರಿನಲ್ಲೇ ಇತ್ತು. ಹಿಂದಿನಿಂದ ಎಂಟು ಜನರ ತಂಡವೊಂದು ದಡ ಬಿಟ್ಟು ಅದೇ ದಿಕ್ಕಿಗೆ ಹೊರಟಿತು. ದಂಡೆಯ ಹಾದಿಯಿಂದ ತರಬೇತುದಾರ ಎಡಗಡೆಯಿಂದ ದಾಟಿ ಹೋಗುವಂತೆ ಕೂಗಿದ. ಆ ಕೂಗು ತನಗೋ ತಂಡಕ್ಕೋ ತಿಳಿಯದೆ ಆಕೆ ಹಿಂದಿರುಗಿ ನೋಡಿದರು. ಹತ್ತಿಪ್ಪತ್ತು ಮೀಟರ್ ಹಿಂದೆ ರೋಯಿಂಗ್ ದೋಣಿಯ ಮೂತಿ ಕಂಡಿತು. ದಾರಿ ಬಿಡೋಣವೆಂದು ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿ ದೋಣಿಯನ್ನು ಬಲಕ್ಕೆ ತಿರುಗಿಸಿದರು. ಮತ್ತೆ ಮುಂದೆ ನೋಡಿದಾಗ ಇದ್ದಿಲ ಮೂಟೆಗಳ ಮರೆಯಿಂದ ಒಬ್ಬಂಟಿ ಸ್ಕಲ್ಲರ್, ಅಂದರೆ ಎರಡು ಹುಟ್ಟು ಹಿಡಿದು ಒಬ್ಬರೇ ದೋಣಿ ನಡೆಸುವವರು, ಹೊರಬಂದರು. ಮೇಲ್ಮುಖವಾಗಿ ಬರುತ್ತಿದ್ದವರು, ಬೆನ್ನು ಇವರ ಕಡೆಗೆ. ಅಂತರ ಮೂವತ್ತು ಮೀಟರ್‌ಗಿಂತ ಹೆಚ್ಚಿರಲಿಲ್ಲ.

ಆಕೆ ಗೇರನ್ನು ಹಿಮ್ಮುಖಕ್ಕೆ ಎಳೆದು ಎಂಜಿನ್ ಪೂರ್ತಿ ಏರಿಸಿದರು. ದೋಣಿಯ ಹಿಂಬದಿ ಎಡಕ್ಕೆ ಜಗ್ಗಿತು, ಎಡಗಡೆಯಿಂದ ದಾಟುತ್ತಿದ್ದ ತಂಡದ ದಾರಿಗೇ. ಕಾಕ್ಸ್ ‘ಹೋಲ್ಡ್ ಇಟ್ ಅಪ್’ ಎಂದು ಕೂಗಿದಳು. ಎಂಟು ಹುಟ್ಟುಗಳೂ ನೀರಿಗೆ ಅಡ್ಡ ನಿಂತವು. ಆದರೂ ದೋಣಿ ಜಾರುತ್ತಲೇ ಬಂದು ಬಲಪಕ್ಕದ ಹುಟ್ಟುಗಳು ಉಕ್ಕಿಗೆ ಬಡಿದವು. ಒಂದರ ಕಾರ್ಬನ್ ಕೋಲು ಮುರಿಯಿತು. ಇನ್ನೊಂದು ಹುಟ್ಟಿನ ಏಟಿಗೆ ರಿಗ್ಗರ್ ಬಾಗಿತು. ಸ್ಕಲ್ಲರ್ ಎದುರು ದಡದ ಜೊಂಡಿಗೆ ಒರಗಿ ಬಚಾವಾದರು.

ಇಲ್ಲಿ ಆಕೆ ಮಾಡಿದ ಒಂದು ಕೆಲಸ ಸರಿಯಾಗಿತ್ತು. ಹುಟ್ಟು ಬಡಿದ ಶಬ್ದ ಕೇಳಿದ ಕೂಡಲೇ ಗೇರನ್ನು ನಡುವಿಗೆ ತಂದು ಪ್ರೊಪೆಲ್ಲರ್ ನಿಲ್ಲಿಸಿದರು. ಯಾರಾದರೂ ನೀರಿಗೆ ಬಿದ್ದಿದ್ದರೆ ದೋಣಿಯ ಡಿಕ್ಕಿಗಿಂತ ತಿರುಗುವ ಪ್ರೊಪೆಲ್ಲರ್ ದೊಡ್ಡ ಗಂಡಾಂತರ. ಎರಡೂ ಕಡೆಯವರು ವಿಳಾಸ, ವಿಮೆಯ ವಿವರ ಕೊಟ್ಟು ತೆಗೆದುಕೊಂಡರು. ಕ್ಲಬ್ಬಿನವರು ಬ್ರಿಟಿಷ್ ರೋಯಿಂಗ್ ಸಂಸ್ಥೆಯ ಘಟನಾ ವರದಿ ವ್ಯವಸ್ಥೆಯಲ್ಲಿ ಇದನ್ನು ದಾಖಲಿಸಿದರು.

ಎಲ್ಲಿ ಕೆಟ್ಟಿತು

ಮೊದಲು ರೋಯಿಂಗ್ ತಂಡದ ಪಾಲನ್ನು ಹೇಳಿಬಿಡಬೇಕು. ದಾಟಿ ಹೋಗುವ ದೋಣಿಯೇ ದೂರ ಕಾಯ್ದುಕೊಳ್ಳಬೇಕು. ಎದುರಿಗೆ ಏನಿದೆ ಎಂದು ಕಾಣದೆ ದಾಟಲು ಹೊರಡಬಾರದಿತ್ತು. ಎಂಟು ಜನರ ದೋಣಿಯಲ್ಲಿ ಕಾಕ್ಸ್ ಕೂರುವುದು ಹಿಂತುದಿಯಲ್ಲಿ. ಅವಳ ಕಣ್ಣಿನ ಮುಂದೆ ಎಂಟು ಮೈಗಳು, ಆಚೆಗೆ ನ್ಯಾರೋಬೋಟಿನ ಗೋಡೆ. ಸ್ಕಲ್ಲರ್ ಅವಳಿಗೂ ಕಂಡಿರಲಿಲ್ಲ. ತರಬೇತುದಾರನಿಗೆ ದಂಡೆಯಿಂದ ಕಾಣಬೇಕಿತ್ತು, ಅವನೂ ನೋಡಲಿಲ್ಲ. ಕ್ಲಬ್ಬು ಇದನ್ನು ಒಪ್ಪಿಕೊಂಡಿತು. ಇನ್ನುಳಿದದ್ದೆಲ್ಲ ನ್ಯಾರೋಬೋಟಿನ ಲೆಕ್ಕಕ್ಕೆ ಸೇರಿದ್ದು, ಕಲಿಯುವುದು ಹೆಚ್ಚಿರುವುದೂ ಅಲ್ಲೇ.

ಮೊದಲನೆಯದು ನಡುನೀರು. ಎಂಟರ ದೋಣಿಯ ಒಡಲು ಅರ್ಧ ಮೀಟರ್‌ಗಿಂತ ಸ್ವಲ್ಪ ಅಗಲ ಇರಬಹುದು, ಆದರೆ ಹುಟ್ಟು ಚಾಚಿದಾಗ ತುದಿಯಿಂದ ತುದಿಗೆ ಸುಮಾರು 7 ಮೀಟರ್. ಒಬ್ಬಂಟಿ ಸ್ಕಲ್‌ಗೆ ಸುಮಾರು 5.5 ಮೀಟರ್ ಬೇಕು. ನ್ಯಾರೋಬೋಟಿಗೆ 2.1. ಮೂರೂ ಅಕ್ಕಪಕ್ಕ ಬಂದರೆ ಬರೀ ದೋಣಿಗಳಿಗೇ ಹದಿನಾಲ್ಕೂವರೆ ಮೀಟರ್. ನಡುನಡುವೆಯೂ ದಡದ ಪಕ್ಕದಲ್ಲೂ ಎರಡೂವರೆ ಮೀಟರ್‌ನಂತೆ ಬಿಟ್ಟರೆ ಇನ್ನೊಂದು ಹತ್ತು ಮೀಟರ್. ನ್ಯಾರೋಬೋಟ್ ಬಲಕ್ಕಿದ್ದರೆ ಉಳಿದ ಜಾಗವೆಲ್ಲ ಎಡಗಡೆ ಒಟ್ಟಿಗೆ ಸಿಗುತ್ತದೆ, ಉಳಿದಿಬ್ಬರು ಹೊಂದಿಸಿಕೊಳ್ಳಬಹುದು. ನಡುವಿನಲ್ಲಿದ್ದರೆ ಅದೇ ಜಾಗ ಎರಡು ಪಾಲಾಗಿ, ಯಾವ ಪಾಲೂ ಇಬ್ಬರಿಗೆ ಸಾಲುವುದಿಲ್ಲ.

ಎರಡನೆಯದು ಚಾವಣಿಯ ಹೊರೆ. ಇದನ್ನು ಜನ ಸಣ್ಣದೆಂದು ಬಿಡುತ್ತಾರೆ, ಹಾಗಾಗಿ ಲೆಕ್ಕ ಹಾಕಿಯೇ ತೋರಿಸಬೇಕು. ಚುಕ್ಕಾಣಿ ಹಿಡಿದವರ ಕಣ್ಣು ನೀರಿನಿಂದ 2 ಮೀಟರ್ ಮೇಲಿದೆ ಎನ್ನಿ. ಕಣ್ಣಿಂದ 14 ಮೀಟರ್ ಮುಂದೆ ಚಾವಣಿಯ ಮುಂತುದಿ, ಎತ್ತರ 1.6 ಮೀಟರ್. ಕೂತ ಸ್ಕಲ್ಲರ್‌ನ ತಲೆ ನೀರಿನಿಂದ 0.8 ಮೀಟರ್. ಚಾವಣಿ ಖಾಲಿ ಇದ್ದರೆ ಆ ತಲೆ ಕಣ್ಣಿಂದ 42 ಮೀಟರ್ ದೂರದಲ್ಲಿ, ಅಂದರೆ ಮೂತಿಯಿಂದ ಸುಮಾರು 25 ಮೀಟರ್ ಮುಂದೆ ಇರುವವರೆಗೂ ಕಾಣುತ್ತದೆ. ಅದಕ್ಕಿಂತ ಹತ್ತಿರ ಬಂದರೆ ಮರೆ. ಅಲ್ಲಿ ಬರೀ 20 ಸೆಂಟಿಮೀಟರ್ ಎತ್ತರದ ಮೂಟೆ ಇಟ್ಟರೆ ಮರೆಯ ಜಾಗ ಮೂತಿಯಿಂದ 65 ಮೀಟರ್ ದಾಟಿ ಬೆಳೆಯುತ್ತದೆ. 40 ಸೆಂಟಿಮೀಟರ್ ಇಟ್ಟರೆ ನೋಟ ನೀರಿಗೆ ಇಳಿಯುವುದೇ ಇಲ್ಲ, ನೇರ ಎದುರಿನಲ್ಲಿರುವುದು ಎಷ್ಟೇ ದೂರವಿದ್ದರೂ ಕಾಣುವುದಿಲ್ಲ. ಇವರ ಮೂಟೆಗಳು ಮಲಗಿಸಿ ಎರಡು ಸಾಲು ಪೇರಿಸಿದ್ದವು.

ಸ್ಕಲ್ಲರ್ ಗಂಟೆಗೆ 12 ಕಿಲೋಮೀಟರ್, ನ್ಯಾರೋಬೋಟ್ 5 ಕಿಲೋಮೀಟರ್ ವೇಗದಲ್ಲಿ ಎದುರುಬದುರಾದರೆ ಸೆಕೆಂಡಿಗೆ ಸುಮಾರು 4.7 ಮೀಟರ್ ಅಂತರ ಕರಗುತ್ತದೆ. 65 ಮೀಟರ್ ಎಂದರೆ ಹದಿನಾಲ್ಕು ಸೆಕೆಂಡ್. ಅಷ್ಟು ಹೊತ್ತು ಇಬ್ಬರಿಗೂ ಇನ್ನೊಬ್ಬರು ಕಾಣುವುದಿಲ್ಲ. ಸ್ಕಲ್ಲರ್ ಕೂರುವುದೇ ಹಿಂದುಮುಂದಾಗಿ. ಕೆಲವು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ತಿರುಗಿ ನೋಡುವುದೇ ಅವರ ನೋಟ.

ಮೂರನೆಯದು ದಾರಿ ಬಿಟ್ಟ ರೀತಿ. ನ್ಯಾರೋಬೋಟ್ ಕಾರಿನಂತೆ ಮುಂದಿನಿಂದ ತಿರುಗುವುದಿಲ್ಲ. ಚುಕ್ಕಾಣಿ ತಿರುಗಿಸಿದಾಗ ಮೊದಲು ಪಕ್ಕಕ್ಕೆ ಸರಿಯುವುದು ಹಿಂಬದಿ. ಮೂತಿ ಬಲಕ್ಕೆ ಹೋಗಬೇಕಾದರೆ ಬಾಲ ಎಡಕ್ಕೆ ಬೀಸಲೇಬೇಕು. ಎಡಗಡೆಯಿಂದ ದಾಟುತ್ತಿರುವವರಿಗೆ ದಾರಿ ಬಿಡುತ್ತೇನೆಂದು ಬಲಕ್ಕೆ ತಿರುಗಿಸಿದರೆ, ಆ ಕ್ಷಣಕ್ಕೆ ಅವರ ಹುಟ್ಟುಗಳ ಮೇಲೆಯೇ ಬಾಲ ಹೋಗುತ್ತದೆ. ಸರಿಯುವುದಿದ್ದರೆ ಅವರು ಇನ್ನೂ ಐವತ್ತು ಅರವತ್ತು ಮೀಟರ್ ಹಿಂದಿರುವಾಗ ಸರಿಯಬೇಕು. ಪಕ್ಕಕ್ಕೆ ಬಂದ ಮೇಲೆ ಚುಕ್ಕಾಣಿ ಮುಟ್ಟದೆ ನೇರ ಹೋಗಬೇಕು.

ನಾಲ್ಕನೆಯದು ಹಿಮ್ಮುಖ. ಹೆಚ್ಚಿನ ನ್ಯಾರೋಬೋಟುಗಳ ಪ್ರೊಪೆಲ್ಲರ್ ಮುಂದಕ್ಕೆ ಹೋಗುವಾಗ, ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹಿಮ್ಮುಖದಲ್ಲಿ ಅದು ಹಿಂಬದಿಯನ್ನು ಎಡಕ್ಕೆ ಎಳೆಯುತ್ತದೆ. ಕಾಲುವೆಯಲ್ಲಿ ಇದು ಗೊತ್ತಿದ್ದರೂ ಕಾಡುವುದಿಲ್ಲ; ವೇಗ ಕಡಿಮೆ, ದಡ ಹತ್ತಿರ, ತಾಗಿದರೂ ಮಣ್ಣಿಗೆ ತಾಗುತ್ತದೆ. ನದಿಯಲ್ಲಿ ಕೆಳಮುಖವಾಗಿ ಹೋಗುವಾಗ ಹರಿವು ಹಿಂದಿನಿಂದ ತಳ್ಳುತ್ತಿರುತ್ತದೆ. ದೋಣಿ ಸ್ವಲ್ಪ ಓರೆಯಾದರೆ ಸಾಕು, ಹರಿವು ಅದನ್ನು ಇನ್ನಷ್ಟು ಅಡ್ಡ ಮಾಡುತ್ತದೆ. ಪೂರ್ತಿ ಹಿಮ್ಮುಖ ಕೊಟ್ಟರೂ 17 ಟನ್ ನಿಲ್ಲಲು ತನ್ನ ಉದ್ದದ ಎರಡು ಮೂರು ಪಟ್ಟು ದೂರ ಬೇಕು. ಮೂವತ್ತು ಮೀಟರ್‌ನಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಆಕೆ ಚುಕ್ಕಾಣಿ ನೇರ ಮಾಡಿ, ಎಂಜಿನ್ ನಿಧಾನ ಮಾಡಿ, ಇದ್ದ ಗೆರೆಯಲ್ಲೇ ಮುಂದೆ ಹೋಗಿದ್ದರೆ ಸ್ಕಲ್ಲರ್ ಅವರ ಎಡಪಕ್ಕದಲ್ಲಿ ಇಕ್ಕಟ್ಟಾಗಿಯಾದರೂ ನುಸುಳುವ ಸಂಭವ ಹೆಚ್ಚಿತ್ತು.

ಬದಲಾವಣೆಯ ಮೊದಲ ಪ್ರಯತ್ನ

ಅಂದು ಮಧ್ಯಾಹ್ನ ಇಫ್ಲಿ ದಾಟಿ, ಸ್ಯಾಂಡ್‌ಫರ್ಡ್ ಲಾಕ್ ಇಳಿದು ಅಬಿಂಗ್ಡನ್ ಕಡೆ ಹೊರಟರು. ಆ ಭಾಗದಲ್ಲೂ ಶಾಲೆಯ ತಂಡಗಳು ಅಭ್ಯಾಸ ಮಾಡುತ್ತವೆ. ಬೆಳಗಿನ ಭಯ ಇನ್ನೂ ಆರಿರಲಿಲ್ಲ. ಇನ್ನು ಮೇಲೆ ಬಲದಂಡೆಗೆ ಅಂಟಿಕೊಂಡು, ಎಂಜಿನ್ ಕನಿಷ್ಠಕ್ಕೆ ಇಳಿಸಿ, ತಂಡ ಕಂಡಾಗಲೆಲ್ಲ ಉದ್ದವಾಗಿ ಹಾರ್ನ್ ಹೊಡೆಯುವುದು ಎಂದು ತೀರ್ಮಾನಿಸಿದರು. ಕೇಳಲು ಸರಿಯೇ ಅನಿಸುತ್ತದೆ. ಮೂರೂ ಕೈಕೊಟ್ಟವು.

ದಂಡೆಗೆ ತೀರ ಹತ್ತಿರ ಹೋದಾಗ ಮೂತಿಯ ಪಕ್ಕದ ನೀರು ದಡಕ್ಕೆ ಒತ್ತಿ ಮೂತಿಯನ್ನು ಹೊರಕ್ಕೆ ತಳ್ಳುತ್ತದೆ, ಹಿಂಬದಿಯ ಪಕ್ಕ ನೀರು ತೆಳುವಾಗಿ ಬಾಲವನ್ನು ದಡಕ್ಕೆ ಎಳೆಯುತ್ತದೆ. ದೋಣಿ ತಾನೇ ತಾನಾಗಿ ನದಿಯ ನಡುವಿಗೆ ಮೂತಿ ಮಾಡುತ್ತದೆ. ಅದನ್ನು ತಿದ್ದಲು ಚುಕ್ಕಾಣಿಯ ಮೇಲೆ ಪ್ರೊಪೆಲ್ಲರ್‌ನ ನೀರು ಬೀಳಬೇಕು. ಎಂಜಿನ್ ಕನಿಷ್ಠಕ್ಕಿದ್ದರೆ ಆ ನೀರೇ ಇಲ್ಲ. ಹೀಗಾಗಿ ಮೂತಿ ಹೊರಗೆ, ಒಳಗೆ, ಮತ್ತೆ ಹೊರಗೆ ಓಲಾಡುತ್ತಾ ಹೋಯಿತು. ಎದುರಿನ ತಂಡಕ್ಕೆ ಈ ದೋಣಿ ನದಿ ಅಡ್ಡ ದಾಟುತ್ತಿದೆಯೋ, ದಡಕ್ಕೆ ಕಟ್ಟಲು ಹೊರಟಿದೆಯೋ, ಕೆಟ್ಟು ನಿಂತಿದೆಯೋ ತಿಳಿಯಲಿಲ್ಲ. ಮೇಲಾಗಿ ನವೆಂಬರ್‌ನಲ್ಲಿ ದಡದ ಬುಡದಲ್ಲಿ ಬಿದ್ದ ಎಲೆಯ ರಾಶಿ ಮುಳುಗಿರುತ್ತದೆ. ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡು, ಎಂಜಿನ್ ಏರಿಸಿದರೂ ದೋಣಿ ಮುಂದೆ ಹೋಗದಂತಾಯಿತು. ಅದನ್ನು ಉದುರಿಸಲು ಒಮ್ಮೆ ಜೋರಾಗಿ ಹಿಮ್ಮುಖ ಕೊಡಬೇಕು. ಕೊಟ್ಟಾಗ ಬಾಲ ಮತ್ತೆ ಎಡಕ್ಕೆ.

ಹಾರ್ನ್‌ನ ಪರಿಣಾಮ ಇನ್ನೂ ಕೆಟ್ಟದ್ದು. ಶಬ್ದ ಕೇಳಿದ ಹೊಸ ತಂಡ ಇದ್ದಲ್ಲೇ ಹುಟ್ಟು ನಿಲ್ಲಿಸಿತು. ನಿಂತ ರೋಯಿಂಗ್ ದೋಣಿಯ ದಿಕ್ಕು ಕಾಕ್ಸ್‌ನ ಹಿಡಿತದಲ್ಲಿ ಇರುವುದಿಲ್ಲ. ಗಾಳಿ, ಹರಿವು ಅದನ್ನು ನಿಧಾನಕ್ಕೆ ಅಡ್ಡ ತಿರುಗಿಸುತ್ತವೆ. 18 ಮೀಟರ್ ಉದ್ದದ ದೋಣಿ ಅಡ್ಡವಾದರೆ ನದಿಯೇ ಮುಚ್ಚಿದಂತೆ. ತರಬೇತುದಾರನ ಮೋಟರ್ ದೋಣಿ ಬಂದು ಕೈಸನ್ನೆ ಮಾಡಿ ಇಬ್ಬರನ್ನೂ ಬಿಡಿಸಬೇಕಾಯಿತು. ಥೇಮ್ಸ್‌ನಲ್ಲಿ ಹಾರ್ನ್‌ಗೆ ನಿಗದಿಯಾದ ಭಾಷೆ ಇದೆ. ಕುರುಡು ತಿರುವು ಅಥವಾ ಸೇತುವೆಗೆ ಮುನ್ನ ಒಂದು ಉದ್ದ. ಬಲಕ್ಕೆ ತಿರುಗುತ್ತೇನೆ ಎನ್ನಲು ಒಂದು ಚಿಕ್ಕದು, ಎಡಕ್ಕೆ ಎರಡು, ಎಂಜಿನ್ ಹಿಮ್ಮುಖದಲ್ಲಿದೆ ಎನ್ನಲು ಮೂರು. ಇವನ್ನು ಬಿಟ್ಟು ಬರೀ ಎಚ್ಚರಿಕೆಗೆಂದು ಊದಿದರೆ ಕೇಳಿದವರಿಗೆ ಗಾಬರಿಯಷ್ಟೇ ಆಗುತ್ತದೆ.

ತಿರುವು

ಪ್ರಕರಣ ದಿಕ್ಕು ಬದಲಿಸಿದ್ದು ಅಬಿಂಗ್ಡನ್‌ನಲ್ಲಿ. ಹುಟ್ಟಿನ ನಷ್ಟದ ವಿಷಯಕ್ಕೆ ಕ್ಲಬ್ಬಿನ ಸುರಕ್ಷತಾ ಸಲಹೆಗಾರರು ಫೋನ್ ಮಾಡಿದಾಗ ಪತಿ ನೇರವಾಗಿ ಕೇಳಿದರು: ನಮ್ಮಿಂದ ನಿಮಗೆ ಬೇಕಾದದ್ದಾದರೂ ಏನು? ದಾರಿ ಬಿಡುವುದು ಬೇಕಿಲ್ಲ, ಮುಂದಿನ ಒಂದು ನಿಮಿಷ ನೀವು ಎಲ್ಲಿರುತ್ತೀರಿ ಎಂದು ಕಾಕ್ಸ್‌ಗೆ ಗೊತ್ತಾದರೆ ಸಾಕು ಎಂಬುದು ಅವರ ಉತ್ತರದ ಸಾರ. ರೋಯಿಂಗ್ ದೋಣಿ ವೇಗದಲ್ಲಿ ನ್ಯಾರೋಬೋಟಿಗಿಂತ ಚುರುಕು. ಆದರೆ ಕಾಕ್ಸ್ ಲೆಕ್ಕ ಹಾಕುವುದು ದೂರದಿಂದ, ಒಮ್ಮೆ ಮಾತ್ರ. ಆ ಲೆಕ್ಕದ ನಂತರ ನ್ಯಾರೋಬೋಟ್ ನಿಂತರೂ, ಸರಿದರೂ, ವೇಗ ಹೆಚ್ಚಿಸಿದರೂ ಲೆಕ್ಕ ತಪ್ಪುತ್ತದೆ. ನಮ್ಮ ಮಟ್ಟಿಗೆ ಇಡೀ ಪ್ರಕರಣದ ತಿರುಳು ಈ ಮಾತಿನಲ್ಲಿದೆ. ರೋಯರ್‌ಗಳಿಗೆ ದೊಡ್ಡ ದೋಣಿಯಿಂದ ಸಲ್ಲಬೇಕಾದದ್ದು ಸ್ಥಿರತೆ. ಸೌಜನ್ಯದ ಹೆಸರಿನ ಹಠಾತ್ ಚಲನೆಗಳು ಅವರ ಪಾಲಿಗೆ ಅಪಾಯವೇ.

ಅಲ್ಲಿಂದ ಮುಂದೆ ದಂಪತಿ ಮಾಡಿಕೊಂಡ ಬದಲಾವಣೆಗಳು ಸರಳ. ಇದ್ದಿಲ ಮೂಟೆಗಳನ್ನು ಮುಂದಿನ ಡೆಕ್‌ನ ನೆಲಕ್ಕೆ ಇಳಿಸಿದರು. ಇದರಿಂದ ಮೂತಿ ಸ್ವಲ್ಪ ತಗ್ಗಿತು; ಸರಿದೂಗಿಸಲು ಸೌದೆಯನ್ನು ಹಿಂಬದಿಗೆ ಸಾಗಿಸಿದರು. ಸೈಕಲ್ಲನ್ನು ಮಲಗಿಸಿ ಹಿಂಬದಿಯ ಅಂಚಿಗೆ ಕಟ್ಟಿದರು. ಚುಕ್ಕಾಣಿಯ ಜಾಗದಲ್ಲಿ ನಿಂತು, ಇನ್ನೊಬ್ಬರನ್ನು ದಂಡೆಯ ಮೇಲೆ ಮುಂದೆ ಕೂರಿಸಿ, ಅವರ ತಲೆ ಯಾವ ದೂರದಿಂದ ಕಾಣುತ್ತದೆ ಎಂದು ಹೆಜ್ಜೆ ಹಾಕಿ ಅಳೆದು ನೋಡಿದರು. ಪ್ರತಿ ದೋಣಿಯವರೂ ಒಮ್ಮೆ ಮಾಡಬೇಕಾದ ಕೆಲಸ ಇದು. ಹತ್ತು ನಿಮಿಷ ಸಾಕು.

ಎರಡನೆಯದು, ಒಬ್ಬರು ಮೂತಿಯಲ್ಲಿ ಕೂರುವುದು. ಎಂಜಿನ್ ಸದ್ದಿನಲ್ಲಿ ಹದಿನೇಳು ಮೀಟರ್ ದೂರದ ಕೂಗು ಕೇಳುವುದಿಲ್ಲ, ಕೇಳಿದರೂ ಅರೆಬರೆ. ಅದಕ್ಕೆ ಕೈಸನ್ನೆ ಗೊತ್ತು ಮಾಡಿಕೊಂಡರು. ಎಡಗೈ ಪಕ್ಕಕ್ಕೆ ಚಾಚಿದರೆ ಎಡಗಡೆ ದೋಣಿ ಇದೆ, ಬಲಗೈ ಚಾಚಿದರೆ ಬಲಗಡೆ. ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಧಾನ. ಎರಡೂ ಕೈ ಮೇಲಕ್ಕೆ ಎತ್ತಿದರೆ ನಿಲ್ಲಿಸು. ಇಲ್ಲಿ ಒಂದು ಸೂಕ್ಷ್ಮ ಅವರಿಗೆ ಬೇಗ ಹೊಳೆಯಿತು. ಸನ್ನೆ ‘ಎಲ್ಲಿದೆ’ ಎಂದು ಹೇಳಬೇಕೇ ಹೊರತು ‘ಎತ್ತ ಹೋಗು’ ಎಂದಲ್ಲ. ಒಂದೇ ಕೈಸನ್ನೆಗೆ ಎರಡರ್ಥ ಬಂದರೆ ಚುಕ್ಕಾಣಿ ಹಿಡಿದವರು ತಪ್ಪು ಕಡೆ ತಿರುಗಿಸುತ್ತಾರೆ.

ಮೂರನೆಯದು ಗೆರೆ. ದಡಕ್ಕೆ ಅಂಟದೆ, ನಡುವಿಗೂ ಬಾರದೆ, ನದಿಯ ಬಲಗಡೆಯ ಮೂರನೇ ಒಂದು ಭಾಗದಲ್ಲಿ, ನಡುನೀರಿನ ಕಡೆಯ ಅಂಚಿನಲ್ಲಿ ನೇರ ಹೋಗುವುದು. ಎಂಜಿನ್ ನಿಮಿಷಕ್ಕೆ 1,200 ಸುತ್ತಿನ ಆಸುಪಾಸು, ಗಂಟೆಗೆ ಸುಮಾರು 5 ಕಿಲೋಮೀಟರ್. ಚುಕ್ಕಾಣಿ ಚೆನ್ನಾಗಿ ಹಿಡಿಯುವಷ್ಟು, ಅಲೆ ಏಳದಷ್ಟು. ಅಲೆ ಎದ್ದಿದೆಯೋ ಇಲ್ಲವೋ ನೋಡಲು ಹಿಂದಿರುಗಿ ದಡ ನೋಡಬೇಕು. ದಡಕ್ಕೆ ನೀರು ಬಡಿದು ನೊರೆ ಒಡೆಯುತ್ತಿದ್ದರೆ ಹೆಚ್ಚಾಯಿತು. ರೋಯಿಂಗ್ ದೋಣಿಯ ಅಂಚು ನೀರಿನಿಂದ ಗೇಣುದ್ದವೂ ಮೇಲಿರುವುದಿಲ್ಲ. ಹೀಗಾಗಿ ವೇಗ ಇಳಿಸುವುದಿದ್ದರೆ ಅವರು ಐವತ್ತು ಮೀಟರ್ ದೂರವಿರುವಾಗಲೇ ಮೆಲ್ಲಗೆ ಇಳಿಸಬೇಕು. ಪಕ್ಕಕ್ಕೆ ಬಂದಾಗ ಥಟ್ಟನೆ ಇಳಿಸಿದರೆ, ದೋಣಿಯ ಹಿಂದೆ ಬರುತ್ತಿದ್ದ ಅಲೆ ನಿಲ್ಲದೆ ದೋಣಿಯನ್ನೇ ದಾಟಿ ಮುಂದೆ ಉರುಳಿ ಅವರಿಗೆ ಬಡಿಯುತ್ತದೆ.

ವಾಪಸ್ ಪಯಣ

ಮುಂದಿನ ವಾರ ಅದೇ ಹಾದಿಯಲ್ಲಿ ಮೇಲ್ಮುಖವಾಗಿ ಬಂದರು. ಶನಿವಾರ ಭಾನುವಾರ ಬಿಟ್ಟು, ವಾರದ ನಡುವಿನ ದಿನ, ಹನ್ನೆರಡರ ಹೊತ್ತಿಗೆ ಇಫ್ಲಿ ಲಾಕ್ ಏರಿದರು. ವಿದ್ಯಾರ್ಥಿಗಳು ತರಗತಿಗೆ ಮುನ್ನ ಬೆಳಿಗ್ಗೆ, ಮತ್ತೆ ಮಧ್ಯಾಹ್ನದ ಮೇಲೆ ನೀರಿಗಿಳಿಯುವುದು ಹೆಚ್ಚು. ಸೂರ್ಯನೂ ಆಗ ಬೆನ್ನಿಗಿರುತ್ತಾನೆ. ಲಾಕ್ ಏರುವ ಮೊದಲು ವಿಶ್ವವಿದ್ಯಾಲಯದ ರೋಯಿಂಗ್ ಕ್ಲಬ್ಬುಗಳ ಆ ದಿನದ ಬಾವುಟದ ಬಣ್ಣ ನೋಡಿಕೊಂಡರು. ಹರಿವು ನೋಡಿ ಅವರು ಬಣ್ಣ ನಿರ್ಧರಿಸುತ್ತಾರೆ. ಹಸಿರಿದ್ದರೆ ಎಲ್ಲ ತಂಡಗಳಿಗೂ ಅನುಮತಿ, ಕೆಂಪಿದ್ದರೆ ಯಾವುದಕ್ಕೂ ಇಲ್ಲ. ಅಂದು ಹಸಿರು. ಅಂದರೆ ಹೊಸಬರೂ ಇರುತ್ತಾರೆ ಎಂದು ಮೊದಲೇ ತಿಳಿಯಿತು.

ಡಾನಿಂಗ್ಟನ್ ಸೇತುವೆಯ ಬಳಿ ಎರಡು ತಂಡ ಎದುರಾದವು. ಮೂತಿಯಲ್ಲಿದ್ದ ಪತಿ ಎಡಗೈ ಚಾಚಿದರು. ಪತ್ನಿ ಗೆರೆ ಬಿಡಲಿಲ್ಲ, ಎಂಜಿನ್ ಮುಟ್ಟಲಿಲ್ಲ. ತಂಡಗಳು ಹುಟ್ಟು ನಿಲ್ಲಿಸದೆಯೇ ದಾಟಿದವು. ಗಟ್ ತಿರುವಿಗೆ ಮುನ್ನ ಒಂದು ಉದ್ದ ಹಾರ್ನ್, ಅಷ್ಟೇ.

ಪರೀಕ್ಷೆ ಎದುರಾದದ್ದು ದೋಣಿಮನೆಗಳ ಮುಂದೆ. ಎಂಟರ ತಂಡವೊಂದು ದಿಕ್ಕು ಬದಲಿಸಲು ನದಿಯ ನಡುವೆ ತಿರುಗುತ್ತಿತ್ತು. ಒಂದು ಪಕ್ಕದವರು ಮುಂದಕ್ಕೆ, ಇನ್ನೊಂದು ಪಕ್ಕದವರು ಹಿಂದಕ್ಕೆ ಹುಟ್ಟು ಹಾಕಿ 18 ಮೀಟರ್ ದೋಣಿಯನ್ನು ಇದ್ದಲ್ಲೇ ತಿರುಗಿಸಬೇಕು. ಹೊಸಬರಿಗೆ ಅದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ನದಿ ಬಂದ್. ದಂಪತಿ ಸುಮಾರು ನಲವತ್ತು ಮೀಟರ್ ಕೆಳಗೇ ಎಂಜಿನ್ ಇಳಿಸಿದರು. ಮೂತಿ ಹರಿವಿಗೆ ಎದುರಾಗಿದ್ದರಿಂದ, ಎಂಜಿನ್ ಕನಿಷ್ಠಕ್ಕಿಟ್ಟು ಮುಂದಿನ ಗೇರಿನಲ್ಲೇ ಬಿಟ್ಟರೆ ಹರಿವೂ ಪ್ರೊಪೆಲ್ಲರೂ ಸಮವಾಗಿ ದೋಣಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಪಕ್ಕದ ಗಾಳಿಗೆ ಮೂತಿ ಸರಿದಾಗ ಚುಕ್ಕಾಣಿ ತಿರುಗಿಸಿ ಒಂದೆರಡು ಸೆಕೆಂಡ್ ಎಂಜಿನ್ ಏರಿಸಿ ಇಳಿಸಿದರೆ ನೇರವಾಗುತ್ತದೆ. ಹಿಮ್ಮುಖದ ಗೇರು ಬೇಕಾಗಲೇ ಇಲ್ಲ. ತಂಡ ತಿರುಗಿ ಮುಗಿಸಿತು, ಕಾಕ್ಸ್ ಕೈ ಎತ್ತಿದಳು, ಇವರು ಹೊರಟರು.

ಈ ಉಪಾಯ ಮೇಲ್ಮುಖವಾಗಿ ಹೋಗುವಾಗ ಮಾತ್ರ ನಡೆಯುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಕೆಳಮುಖವಾಗಿ ಬರುವ ದೋಣಿ ಹರಿವಿನಲ್ಲಿ ನಿಂತು ಕಾಯಲಾರದು; ನಿಲ್ಲಿಸಲು ಹಿಮ್ಮುಖ ಬೇಕು, ಹಿಮ್ಮುಖದಲ್ಲಿ ದಿಕ್ಕು ತಪ್ಪುತ್ತದೆ. ಆದ್ದರಿಂದ ಕೆಳಗಿಳಿಯುವವರು ಫಾಲಿ ಸೇತುವೆಗೆ ಬರುವ ಮುಂಚೆಯೇ ತೀರ್ಮಾನ ಮಾಡಿರಬೇಕು. ಮೂತಿಯಲ್ಲಿ ಒಬ್ಬರು ಕೂತಿರಬೇಕು, ಬಲಗಡೆಯ ಗೆರೆ ಹಿಡಿದಿರಬೇಕು. ನೂರು ಮೀಟರ್ ಮುಂದೆ ತಂಡ ತಿರುಗುತ್ತಿರುವುದು ಕಂಡರೆ ಆಗಲೇ ವೇಗ ಕಡಿಮೆ ಮಾಡಿ, ಅವರು ತಿರುಗಿ ಮುಗಿಸುವ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳಬೇಕು. ಸೇತುವೆಗೆ ಮುನ್ನ ದಡಕ್ಕೆ ಕಟ್ಟಿ ಕಾಯುವುದು ಇನ್ನೂ ಒಳ್ಳೆಯದು.

ಬಾಡಿಗೆ ದೋಣಿ ಹಿಡಿದು ರಜೆಗೆ ಬರುವವರಿಗೆ ಪಂದ್ಯದ ದಿನಗಳು ತಿಳಿದಿದ್ದರೆ ಒಳ್ಳೆಯದು. ಕಾಲೇಜು ತಂಡಗಳ ಎರಡು ಪಂದ್ಯಗಳಲ್ಲಿ ಟಾರ್ಪಿಡ್ಸ್ ಚಳಿಗಾಲದ ಕೊನೆಗೆ, ಫೆಬ್ರುವರಿ ಮಾರ್ಚ್ ಸುಮಾರಿಗೆ. ಸಮ್ಮರ್ ಏಯ್ಟ್ಸ್ ಮೇ ತಿಂಗಳಲ್ಲಿ. ಈ ನದಿ ಇಕ್ಕಟ್ಟು, ತಂಡಗಳು ಅಕ್ಕಪಕ್ಕ ಓಡಲಾಗುವುದಿಲ್ಲ. ಆದ್ದರಿಂದ ಒಂದರ ಹಿಂದೊಂದು ಸಾಲಾಗಿ ನಿಂತು, ಹಿಂದಿನ ತಂಡ ಮುಂದಿನದನ್ನು ಮುಟ್ಟುವ ಪಂದ್ಯ ಹುಟ್ಟಿಕೊಂಡಿತು. ಪಂದ್ಯ ನಡೆಯುವಾಗ ಇಫ್ಲಿಯಿಂದ ಫಾಲಿ ಸೇತುವೆಯ ಕಡೆಗಿನ ಭಾಗ ಬೇರೆ ದೋಣಿಗಳಿಗೆ ಮುಚ್ಚಿರುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ, ಪಂದ್ಯದ ಉಸ್ತುವಾರಿಯವರು ಹೇಳಿದಾಗ ಮಾತ್ರ ಹೋಗಬೇಕು. ಆ ವಾರಗಳಲ್ಲಿ ಪ್ರಯಾಣವಿದ್ದರೆ ಇಫ್ಲಿ ಅಥವಾ ಓಸ್ನಿ ಲಾಕ್‌ನಲ್ಲಿ ಹಿಂದಿನ ಸಂಜೆಯೇ ವೇಳೆ ಕೇಳಿಕೊಂಡು, ಬೆಳಿಗ್ಗೆ ಬೇಗ ದಾಟಿಬಿಡುವುದು ಲೇಸು.